ಕುಟ್ಟದೆ ಕಳಿಸಿದ ಔಷಧಿ

ಜನವರಿ ೯

ಗುಬ್ಬಿ,

ಹರಸಿ ಬರೆಯುತ್ತಿದ್ದೇನೆ. ಬಲಮೊಣಕಾಲೊಂದನ್ನು ಬಿಟ್ಟು ಉಳಿದ ನಾನೆಲ್ಲ ಚೆನ್ನಾಗಿದ್ದೇನೆ. ಮೊಣಕಾಲಿನ ಸುದ್ದಿ ಯಾರಿಗೂ ಹೇಳಬೇಡ. ನೋವಿಗೆ ಔಷಧಿ ಮಾರುವವಳೇ ಕುಂಟಿಕೊಂಡು ಬಂದು ಬಾಗಿಲು ತೆರೆಯುತ್ತಾಳೆಂದು ಗೊತ್ತಾದರೆ ಗಿರಾಕಿಗಳೆಲ್ಲ ಎದುರಿನ ಮೆಡಿಕಲ್ ಶಾಪಿಗೆ ದಾಟಿಬಿಡುತ್ತಾರೆ.

ನೀನು ಬಂದು ಹೋದೆ, ನೀನು ಹೇಳಿದ ಮಾತು ಮಾತ್ರ ಇನ್ನೂ ಅಡುಗೆಮನೆಯಲ್ಲೇ ಕೂತಿದೆ. "ಅಮ್ಮ, ನಂಗೆ ಎಚ್‌ಐವಿ ಇದೆ. ನಿನ್ನ ಅಳಿಯ ಹೋಗೋವಾಗ ಕೊಟ್ಟು ಹೋದ್ರು. ಮಾತ್ರೆ ತಗೊಳ್ತಿದ್ದೀನಿ, ಚೆನ್ನಾಗಿದ್ದೀನಿ" ಅಂದೆ. ನಾನು ಕುಟ್ಟುವುದನ್ನು ನಿಲ್ಲಿಸಲಿಲ್ಲ. ಅಮ್ಮನಿಗೆ ಕಲ್ಲುಮನಸ್ಸು ಎಂದುಕೊಂಡಿರಬೇಕು ನೀನು. ಕುಟ್ಟಾಣಿ ನಿಂತಿದ್ದರೆ ನನ್ನ ಅಳು ಬೀದಿಗೆ ಕೇಳುತ್ತಿತ್ತು ಕಣೇ.

ಇದನ್ನೆಲ್ಲ ಫೋನಿನಲ್ಲಿ ಮಾತಾಡುವುದು ಬೇಡ. ನನಗೆ ಕಿವಿ ಮಂದ, ಸ್ಪೀಕರ್ ಹಾಕದೆ ಕೇಳಿಸುವುದಿಲ್ಲ. ಸ್ಪೀಕರ್ ಹಾಕಿದರೆ ನನಗಿಂತ ಮೊದಲು ಪಕ್ಕದ ಪಾತ್ರೆ ಅಂಗಡಿಯವಳು ಉತ್ತರ ಕೊಡುತ್ತಾಳೆ. ಈಗಾಗಲೇ ಕೇಳಿದಳು, "ಮಗಳು ಯಾಕೆ ಸೊರಗಿದ್ದಾಳೆ?" ಅಂತ. ರಕ್ತ ಕಡಿಮೆ ಎಂದೆ.

ಈ ಪೊಟ್ಟಣದಲ್ಲಿ ಪುಡಿ ಇದೆ. ಬೆಳಿಗ್ಗೆ ಒಂದು ಚಮಚ, ಬಿಸಿನೀರಿಗೆ. ಬಾಟಲಿಯಲ್ಲಿರುವುದು ಎಣ್ಣೆ, ಅಂಗಾಲು ಉರಿಗೆ. ಪುಡಿಯಲ್ಲಿ ಏನೇನಿದೆ ಎಂದು ಕೇಳಬೇಡ. ಕುಟ್ಟದೆ ಇರುವ ಔಷಧಿ ನಮ್ಮ ಹೊಸ್ತಿಲು ದಾಟುವುದಿಲ್ಲ. ಪುಡಿಯಾದ ಮೇಲೆ ಯಾರೂ ಗುರುತು ಹಿಡಿಯಲಾರರು, ಅದೇ ನಮ್ಮ ಕಾವಲು. ಅದರಲ್ಲಿ ಏನೇನಿದೆ ಎಂದು ನನ್ನಮ್ಮ ನನಗೂ ಹೇಳಿದ್ದು ಅಂಗಡಿಯ ಬೀಗದಕೈ ಕೊಟ್ಟ ದಿನವೇ.

ನಾನು ನಾಲಿಗೆ ನೋಡಿ ಔಷಧಿ ಕೊಡುವವಳು. ನಿನ್ನ ನಾಲಿಗೆ ದೂರದಲ್ಲಿದೆ. ಆದ್ದರಿಂದ ಉದ್ದನೆಯ ಕಾಗದ ಬರೆ. ನಿನ್ನ ಅಕ್ಷರ ನೋಡಿದರೂ ನನಗೆ ತಿಳಿಯುತ್ತದೆ.

ನಿನ್ನ ಅಮ್ಮ

*

ಫೆಬ್ರವರಿ ೧೫

ಅಮ್ಮ,

ಪೊಟ್ಟಣ ತಲುಪಿತು. ನಿನ್ನ ಪುಡಿ ಎಷ್ಟು ಕಹಿ ಎಂದರೆ, ಅದನ್ನು ಕುಡಿದು ಹೋದ ದಿನ ನಮ್ಮ ಮೇಸ್ತ್ರಿಯ ಮುಖವೂ ಸಿಹಿಯಾಗಿ ಕಾಣುತ್ತದೆ. ಎಣ್ಣೆ ಮಾತ್ರ ಬಂಗಾರ. ಮಲಗುವ ಮುಂಚೆ ತಿಕ್ಕಿಕೊಂಡರೆ ಅಂಗಾಲಿನ ಉರಿ ಅರ್ಧಕ್ಕೆ ಇಳಿಯುತ್ತದೆ, ನಿದ್ದೆ ಬರುತ್ತದೆ.

ಈ ಕಾಗದವನ್ನು ಕ್ರೇನಿನ ಮೇಲೆ ಕೂತೇ ಬರೆಯುತ್ತಿದ್ದೇನೆ. ಊಟದ ಬಿಡುವಿನಲ್ಲಿ ಅಷ್ಟುದ್ದದ ಏಣಿ ಇಳಿದು ಮತ್ತೆ ಹತ್ತುವುದು ಯಾರಿಗೆ ಬೇಕು? ನನ್ನ ಕೋಣೆ ಒಂದು ಡಬ್ಬಿ. ಮೂರು ಕಡೆ ಗಾಜು, ಕಾಲ ಕೆಳಗೂ ಗಾಜು. ಕಡಲ ಗಾಳಿ ಎದ್ದರೆ ತೊಟ್ಟಿಲಿನ ಹಾಗೆ ತೂಗುತ್ತದೆ. ಕೆಳಗೆ ಹಡಗು, ಹಡಗಿನ ತುಂಬ ಮನೆಯಷ್ಟು ದೊಡ್ಡ ಪೆಟ್ಟಿಗೆಗಳು. ಅವನ್ನು ಒಂದೊಂದಾಗಿ ಎತ್ತಿ, ಸದ್ದಾಗದಂತೆ ಲಾರಿಯ ಮೇಲೆ ಕೂರಿಸಬೇಕು. ಸದ್ದಾಗದಂತೆ ಕೂರಿಸುವವರು ಈ ಬಂದರಿನಲ್ಲಿ ಕಡಿಮೆ. ಅವರಲ್ಲಿ ಒಬ್ಬಳು ನಿನ್ನ ಮಗಳು.

ನನ್ನ ಕಾಯಿಲೆ ಇಲ್ಲಿ ಗುಟ್ಟಲ್ಲ ಅಮ್ಮ. ನಾನೇ ಹೇಳಿದೆ. ಮೇಸ್ತ್ರಿ ತಲೆ ಕೆರೆದುಕೊಂಡ. "ಕ್ರೇನಿಗೆ ಅಂಟುತ್ತೇನಮ್ಮ?"

"ಇಲ್ಲ."

"ಹಾಗಾದ್ರೆ ಹತ್ತು."

ಅಷ್ಟೇ ನಡೆದದ್ದು. ನಿನ್ನ ಬೀದಿಗೆ ಹೇಳುವುದು ಬಿಡುವುದು ನಿನಗೆ ಸೇರಿದ್ದು. ನನ್ನ ಕಡೆಯಿಂದ ಅಡ್ಡಿಯಿಲ್ಲ.

ಪ್ರತಿ ತಿಂಗಳೂ ಒಂದು ಬುಧವಾರ ಆಸ್ಪತ್ರೆಯಲ್ಲಿ ಮಾತ್ರೆ ಕೊಡುತ್ತಾರೆ. ಮೊನ್ನೆ ಅಲ್ಲಿ ನಡೆದದ್ದು ಕೇಳು. ಸಿಸ್ಟರ್ ಬಂದು, "ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೊಳ್ತೀರಾ?" ಎಂದರು. ಬೆಂಚಿನ ಮೇಲಿದ್ದವರೆಲ್ಲ ಒಳ್ಳೆಯ ಮಕ್ಕಳ ಹಾಗೆ ಇಲ್ಲವೆಂದು ತಲೆ ಅಲ್ಲಾಡಿಸಿದೆವು. ಅವರು ಒಳಗೆ ಹೋದದ್ದೇ ತಡ, ಲೆಕ್ಕದ ಮೇಷ್ಟ್ರು ಅಂಗಿ ಎತ್ತಿ ಸೊಂಟದ ಪಟ್ಟಿ ಸಡಿಲಿಸಿಕೊಂಡರು. ಪಟ್ಟಿಯ ತುಂಬ ಆಯಸ್ಕಾಂತ!

"ಮೇಷ್ಟ್ರೇ, ಈ ಕಬ್ಬಿಣದ ಬೆಂಚಿಗೆ ಅಂಟ್ಕೊಂಡ್ರೆ ಏನ್ ಮಾಡ್ತೀರಿ?" ಎಂದ ಬೇಕರಿಯವನು.

"ನಿನ್ನ ಬೆಳ್ಳುಳ್ಳಿ ವಾಸನೆಗೆ ಬೆಂಚೇ ಎದ್ದು ಹೋಗುತ್ತೆ ಬಿಡಯ್ಯ."

ಬೇಕರಿಯವನು ದಿನಾ ಹಸಿ ಬೆಳ್ಳುಳ್ಳಿ ನುಂಗುತ್ತಾನಂತೆ. "ನಿಂದೇನಮ್ಮ?" ಎಂದರು. "ನಮ್ಮಮ್ಮನ ಪುಡಿ" ಎಂದೆ, ಎದೆಯುಬ್ಬಿಸಿ. ಹಾಗಾದರೆ ಸಿಸ್ಟರ್‌ಗೆ ಯಾಕೆ ಯಾರೂ ಹೇಳುವುದಿಲ್ಲ ಎಂದು ಕೇಳಿದೆ. ಬೇಕರಿಯವನ ನಗು ನಿಂತಿತು. "ಹೇಳಿದ್ರೆ ನಗ್ತಾರೆ. ಬೆಳ್ಳುಳ್ಳಿ ಸುಲಿದು ಕೊಡೋದು ನನ್ನ ಹೆಂಡತಿ. ಅವಳನ್ನ ನೋಡಿ ಯಾರೂ ನಗಬಾರದು."

ನನಗೂ ಅದು ಸರಿ ಎನಿಸಿತು.

ನಿನ್ನ ಗುಬ್ಬಿ

*

ಮಾರ್ಚ್ ೩

ಗುಬ್ಬಿ,

ನಿನ್ನ ಕಾಗದದಲ್ಲಿ ಬರೀ ನಗು. ನಿನ್ನ ಅಕ್ಷರ ಮಾತ್ರ ಬೇರೆ ಹೇಳುತ್ತಿದೆ. ಸಾಲುಗಳೆಲ್ಲ ಕೊನೆಗೆ ಬರುವಷ್ಟರಲ್ಲಿ ಕೆಳಕ್ಕೆ ಜಾರಿವೆ. ಶಾಲೆಯಲ್ಲಿ ನಿನ್ನದು ಮುತ್ತು ಪೋಣಿಸಿದಂಥ ಬರವಣಿಗೆ. ನನ್ನ ಮುಂದೆ ನಾಟಕ ಬೇಡ.

ಪುಡಿಯನ್ನು ಸ್ವಲ್ಪ ಬದಲಾಯಿಸಿ ಕಳಿಸಿದ್ದೇನೆ. ಹಳೆಯದನ್ನು ಚೆಲ್ಲಿ ಇದನ್ನು ಕುಡಿ. ತಿಂಗಳು ತಿಂಗಳು ಪೊಟ್ಟಣ ಬರುತ್ತದೆ. ಒಂದು ದಿನವೂ ತಪ್ಪಿಸಬೇಡ.

ನಿನ್ನ ಅಮ್ಮ

*

ಮೇ ೧೧

ಅಮ್ಮ,

ಒಳ್ಳೆಯ ಸುದ್ದಿಯಲ್ಲ. ಸುತ್ತಿ ಬಳಸದೆ ಬರೆಯುತ್ತೇನೆ.

ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನೋಡಲು ಆಗಾಗ ನಮ್ಮ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಎಣಿಸುತ್ತಾರೆ. ಮಾತ್ರೆ ಶುರುವಾದ ಮೇಲೆ ನನ್ನ ಎಣಿಕೆ ಯಂತ್ರಕ್ಕೆ ಸಿಗದಷ್ಟು ಕೆಳಗಿತ್ತು. ಈ ಸಲ ಮೇಲೆ ಬಂದಿದೆ. ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಮೆಲ್ಲಗೆ ಕೇಳಿದರು, "ಮಾತ್ರೆ ತಪ್ಪಿಸ್ತಾ ಇದ್ದೀರಾ?"

"ಇಲ್ಲ."

"ಬೈಯಲ್ಲ, ಹೇಳಿ. ಎಲ್ಲರೂ ಒಮ್ಮೊಮ್ಮೆ ತಪ್ಪಿಸ್ತಾರೆ."

"ಡಾಕ್ಟರೇ, ನಾನು ಕ್ರೇನ್ ಓಡಿಸೋಳು. ತಪ್ಪಿಸೋ ಅಭ್ಯಾಸ ಇದ್ದಿದ್ರೆ ಇಷ್ಟು ಹೊತ್ತಿಗೆ ಯಾರ ತಲೆ ಮೇಲಾದ್ರೂ ಪೆಟ್ಟಿಗೆ ಇರ್ತಿತ್ತು."

ಅವರು ನಂಬಲಿಲ್ಲ. ನಂಬದವರ ಮುಖ ಗೊತ್ತಲ್ಲ, ತುಂಬ ಮೃದುವಾಗಿಬಿಡುತ್ತದೆ. "ಬೇರೆ ಏನಾದ್ರೂ ತಗೊಳ್ತೀರಾ?" ಎಂದರು. ಇಲ್ಲ ಎಂದೆ. ನಿನ್ನನ್ನು ನೋಡಿ ಅವರು ನಗಬಾರದು ಎನಿಸಿತು.

ಇನ್ನೊಂದು ಪರೀಕ್ಷೆಯಲ್ಲೂ ಹೀಗೇ ಬಂದರೆ ಬೇರೆ ಮಾತ್ರೆ ಕೊಡುತ್ತಾರಂತೆ. ಅದು ಕೆಲವರಿಗೆ ಅಂಗಾಲಿನ ಉರಿ ಹೆಚ್ಚಿಸುತ್ತದೆಯಂತೆ. ಪೆಡಲಿನ ಮೇಲೆ ಕಾಲು ನಿಲ್ಲದಿದ್ದರೆ ನಾನು ಕ್ರೇನಿನಿಂದ ಇಳಿಯಬೇಕು. ಆಮೇಲೆ ಏನು? ಗೇಟಿನಲ್ಲಿ ಕೂತು ಲಾರಿಗಳಿಗೆ ಕೈ ಬೀಸುವುದೇ? ಮೇಲೆ ಆ ಡಬ್ಬಿಯೊಳಗೆ ಕೂತಾಗ ನಾನು ಯಾರ ವಿಧವೆಯೂ ಅಲ್ಲ, ಯಾರ ರೋಗಿಯೂ ಅಲ್ಲ. ಅಲ್ಲಿಂದ ನನ್ನನ್ನು ಇಳಿಸಿದರೆ ಕೆಳಗೆ ಎಂಥವಳು ಬಂದು ನಿಲ್ಲುತ್ತಾಳೋ ನನಗೇ ಗೊತ್ತಿಲ್ಲ.

ಕೈ ಸೋತಿದೆ. ನಿಲ್ಲಿಸುತ್ತೇನೆ.

ಗುಬ್ಬಿ

*

ಮೇ ೧೯

ಮಗಳೇ,

ಆ ಡಾಕ್ಟರಮ್ಮನಿಗೆ ನನ್ನ ಮಗಳನ್ನು ಸುಳ್ಳುಗಾತಿ ಅನ್ನುವಷ್ಟು ಧೈರ್ಯವೇ? ಹಾಲನ್ನು ಒಂದು ದಿನವೂ ಉಕ್ಕಲು ಬಿಟ್ಟವಳಲ್ಲ ನೀನು, ಮಾತ್ರೆ ತಪ್ಪಿಸುತ್ತೀಯಾ?

ಈಗ ನನ್ನ ಮಾತು ಕೇಳು. ಅವರ ಮಾತ್ರೆ ಸೋತಿದೆ. ಸೋತದ್ದನ್ನು ಯಾಕೆ ನುಂಗಬೇಕು? ಎಲ್ಲ ನಿಲ್ಲಿಸು. ನನ್ನ ಪುಡಿಯನ್ನು ಎರಡು ಹೊತ್ತು ಮಾಡು. ನನ್ನ ಕೈಯಲ್ಲಿ ಎಷ್ಟು ಜನ ಎದ್ದು ಓಡಾಡಿದ್ದಾರೆ, ಬೀದಿಯನ್ನೇ ಕೇಳು. ಹೊರಿಸಿಕೊಂಡು ಬಂದವರು ನಡೆದು ಹೋಗಿದ್ದಾರೆ. ಹೆತ್ತ ಮಗಳನ್ನು ಎಬ್ಬಿಸಲಾರೆನೇ?

ನಿನ್ನ ಅಕ್ಷರ ನೋಡಿ ಊಟ ಸೇರಲಿಲ್ಲ. ಸಾಲು ಜಾರುವುದಿರಲಿ, ಈ ಸಲ ಅಕ್ಷರಗಳೇ ಮುಗ್ಗರಿಸಿವೆ. ಪುಡಿಯನ್ನು ಇನ್ನಷ್ಟು ಬಲ ಮಾಡಿ ಕಳಿಸಿದ್ದೇನೆ.

ಅಮ್ಮ

*

ಜೂನ್ ೭

ಅಮ್ಮ,

ಸಿಟ್ಟು ಮಾಡಿಕೊಳ್ಳಬೇಡ ಎಂದು ಬರೆದರೆ ನೀನು ಸಿಟ್ಟು ಮಾಡಿಕೊಳ್ಳುತ್ತೀಯ. ಹಾಗಾಗಿ ಮಾಡಿಕೋ, ಆದರೆ ಕೊನೆಯವರೆಗೂ ಓದು.

ಮಾತ್ರೆ ನಿಲ್ಲಿಸುವುದಿಲ್ಲ. ನಿನ್ನ ಅಳಿಯ ನಿಲ್ಲಿಸಿದ್ದರು. ಯಾರೋ ಬೂದಿ ಕೊಟ್ಟರು, ಯಾರೋ ಕಲ್ಲು ಕೊಟ್ಟರು, ಎಲ್ಲವನ್ನೂ ನಂಬಿದರು, ಮಾತ್ರೆಯೊಂದನ್ನು ಬಿಟ್ಟು. ಅವರ ಕೊನೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಿನಗೆ ಹೇಳಿರಲಿಲ್ಲ.

ಎರಡನೆಯದು. ನಾನು ಡಾಕ್ಟರಮ್ಮನಿಗೆ ಹೇಳಿಬಿಟ್ಟೆ. ನಿನ್ನ ಕಾಗದ ಬಂದ ಮೇಲೆ ತಡೆಯಲಾಗಲಿಲ್ಲ, ಬುಧವಾರವಲ್ಲದಿದ್ದರೂ ಹೋಗಿ ನಿಂತೆ. "ನಮ್ಮಮ್ಮ ಔಷಧಿ ಅಂಗಡಿ ಇಟ್ಟಿದ್ದಾರೆ. ಅವರ ಪುಡಿ ಕುಡೀತೀನಿ. ನಗೋದಿದ್ರೆ ಈಗಲೇ ನಕ್ಕುಬಿಡಿ" ಎಂದೆ.

ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟರು. "ಏನೇನು ಹಾಕ್ತಾರೆ ಅದಕ್ಕೆ?"

"ಗೊತ್ತಿಲ್ಲ."

"ಅಂಗಡಿಯವರ ಮಗಳಿಗೇ ಗೊತ್ತಿಲ್ವಾ?"

ಎಂಥ ಮಾತು ನೋಡು! ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಪುಡಿ ತೋರಿಸಿದೆ. ಬೆರಳಲ್ಲಿ ತಿಕ್ಕಿ ನೋಡಿದರು, ಮೂಸಿ ನೋಡಿದರು. ಪುಡಿಯಲ್ಲಿ ಏನೂ ತಿಳಿಯುವುದಿಲ್ಲ ಎಂದರು. ಕೆಲವು ಗಿಡಗಳು ಮಾತ್ರೆಯ ಜೊತೆ ಜಗಳಕ್ಕೆ ಬೀಳುತ್ತವಂತೆ. ಯಾವುದು ಎಂದು ತಿಳಿಯಬೇಕಾದರೆ ಇಡಿಯಾಗಿ ನೋಡಬೇಕಂತೆ. "ಅಮ್ಮನ್ನ ಕೇಳಿ. ತಪ್ಪು ಹಿಡಿಯೋಕಲ್ಲ, ಅವರ ಸಹಾಯ ಬೇಕು ಅಂತ ಕೇಳಿ."

ಅಲ್ಲಿಯವರೆಗೆ ಪುಡಿ ನಿಲ್ಲಿಸಿದ್ದೇನೆ. ಎಣ್ಣೆ ಮಾತ್ರ ಹಚ್ಚುತ್ತಿದ್ದೇನೆ, ಅದಕ್ಕೆ ಒಪ್ಪಿದ್ದಾರೆ.

ನಿನ್ನ ಹೊಸ್ತಿಲಿನ ನಿಯಮ ನನಗೆ ಗೊತ್ತು. ಆದರೂ ಕೇಳುತ್ತಿದ್ದೇನೆ.

ಗುಬ್ಬಿ

*

ಜುಲೈ ೨೦

ಅಮ್ಮ,

ನಿನ್ನ ಉತ್ತರ ಬಂದಿಲ್ಲ. ಪೊಟ್ಟಣವೂ ಬಂದಿಲ್ಲ. ಮೊಣಕಾಲು ಹೇಗಿದೆ, ಅಷ್ಟನ್ನಾದರೂ ಬರೆ.

ಗುಬ್ಬಿ

*

ಆಗಸ್ಟ್ ೨

ಮಗಳಿಗೆ,

ಪೊಟ್ಟಣ ಬಿಚ್ಚು. ಬಟ್ಟೆಯ ಏಳು ಗಂಟುಗಳಿವೆ. ಬೇರು ಬೇರಾಗಿಯೇ ಇದೆ, ತೊಗಟೆ ತೊಗಟೆಯಾಗಿ, ಹೂವು ಹೂವಾಗಿ. ಕುಟ್ಟಿಲ್ಲ.

ಇದನ್ನು ಕಟ್ಟಲು ನನಗೆ ಇಷ್ಟು ದಿನ ಹಿಡಿಯಿತು. ಕಟ್ಟುವುದು, ಬಿಚ್ಚುವುದು, ಕುಟ್ಟಾಣಿಯ ಮುಂದೆ ಕೂರುವುದು, ಮತ್ತೆ ಕಟ್ಟುವುದು. ನನ್ನಮ್ಮ ಇದ್ದಿದ್ದರೆ ಬಾಗಿಲಲ್ಲಿ ಅಡ್ಡ ಮಲಗುತ್ತಿದ್ದಳು. ಆದರೆ ಅವಳ ಮಗಳಿಗೆ ಈ ಕಾಯಿಲೆ ಬಂದಿರಲಿಲ್ಲ.

ಅಳಿಯನ ವಿಷಯ ಓದಿದೆ. ಅದನ್ನೆಲ್ಲ ನೀನೊಬ್ಬಳೇ ನೋಡಿದೆಯಲ್ಲೇ.

ಡಾಕ್ಟರಮ್ಮನಿಗೆ ಹೇಳು: ಹೆಸರು ಹೇಳಲು ನಾಚುವಂಥ ಒಂದು ಎಲೆಯನ್ನೂ ನಾನು ಮಾರಿಲ್ಲ. ನೋಡಲಿ. ಮೇಜಿನ ಮೇಲೆ ಹರಡಿ, ಬೆಳಕಿನಲ್ಲೇ ನೋಡಲಿ.

ಅಮ್ಮ

*

ಆಗಸ್ಟ್ ೧೬

ಅಮ್ಮ,

ಮೇಜಿನ ಮೇಲೆ ಹರಡಿದೆವು. ನೀನು ಅಲ್ಲಿರಬೇಕಿತ್ತು.

ಡಾಕ್ಟರಮ್ಮ ತಮ್ಮ ಕಂಪ್ಯೂಟರನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು. ಔಷಧಿ ಕೊಡುವ ಕೋಣೆಯಿಂದ ಕನ್ನಡಕದ ಅಜ್ಜ ಬಂದರು. ಸಿಸ್ಟರ್ ಬಂದರು. ನಾನು ಗಂಟುಗಳನ್ನು ಒಂದೊಂದಾಗಿ ಬಿಚ್ಚಿದೆ. ಕೋಣೆಯ ಫಿನಾಯಿಲ್ ವಾಸನೆ ಎಲ್ಲಿ ಹೋಯಿತೋ, ನಮ್ಮ ಅಂಗಡಿಯೇ ಬಂದು ಕೂತ ಹಾಗಾಯಿತು. "ಇಷ್ಟು ಚೊಕ್ಕಟವಾಗಿ ಒಣಗಿಸಿದ್ದನ್ನ ನಾನು ನೋಡೇ ಇಲ್ಲ" ಎಂದರು ಅಜ್ಜ. ಒಂದು ಕಲ್ಲಿಲ್ಲ, ಒಂದು ಹುಳುವಿಲ್ಲ. ನನ್ನ ತಲೆ ಸೂರಿಗೆ ತಾಗಿತು ಎಂದುಕೋ.

ಮೊದಲನೆಯದು ಶುಂಠಿ. ಮಿಕ್ಕವುಗಳಲ್ಲಿ ಮೂರನ್ನು ಗುರುತಿಸಿದರು. ಎರಡು ಬೇರುಗಳನ್ನು ನೋಡಿ ಡಾಕ್ಟರಮ್ಮ, "ಇವು ನಂಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಒಳ್ಳೇದು ಅಂತಾನೂ ಹೇಳಲ್ಲ, ಕೆಟ್ಟದ್ದು ಅಂತಾನೂ ಹೇಳಲ್ಲ" ಎಂದರು. ಏಳನೆಯ ಗಂಟು ಬಿಚ್ಚಿದಾಗ ಅಜ್ಜ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಚಿಕ್ಕ ಹಳದಿ ಹೂವು. "ಇದೇ" ಎಂದರು.

ಆ ಹೂವು ಹೊಟ್ಟೆಗೆ ಹೋದರೆ ನಮ್ಮ ದೇಹ ಮಾತ್ರೆಯನ್ನು ಬೇಗ ಬೇಗ ಕರಗಿಸಿ ಹೊರಗೆ ಹಾಕಿಬಿಡುತ್ತದಂತೆ. ನಾನು ತಪ್ಪದೆ ನುಂಗುತ್ತಿದ್ದೆ, ಅದು ತಪ್ಪದೆ ಹೊರಗೆ ದಬ್ಬುತ್ತಿತ್ತು. ಡಾಕ್ಟರಮ್ಮ ಎದ್ದು ನಿಂತು, "ನಿಮ್ಮನ್ನ ನಂಬದೆ ಹೋದೆ, ಕ್ಷಮಿಸಿ" ಎಂದರು. ಎಲ್ಲರೆದುರಿಗೆ ಎಂದರು ಅಮ್ಮ.

ಸದ್ಯಕ್ಕೆ ಯಾವ ಪುಡಿಯೂ ಬೇಡವಂತೆ. ಹಳೆಯ ಮಾತ್ರೆಯಲ್ಲೇ ಮುಂದುವರಿದು ಮತ್ತೆ ಎಣಿಸುತ್ತಾರೆ. ಎಣಿಕೆ ಇಳಿದರೆ ಕ್ರೇನು ಉಳಿಯಿತು.

ಒಂದು ಅನುಮಾನ. ನಾನು ಚಿಕ್ಕವಳಿದ್ದಾಗ ನಮ್ಮ ಅಂಗಳದಲ್ಲಿ ಒಣಗುತ್ತಿದ್ದದ್ದರಲ್ಲಿ ಈ ಹಳದಿ ಹೂವನ್ನು ನೋಡಿದ ನೆನಪಿಲ್ಲ. ಇದು ಯಾವಾಗ ಸೇರಿತು?

ಗುಬ್ಬಿ

*

ಸೆಪ್ಟೆಂಬರ್ ೧

ಗುಬ್ಬಿ,

ನಿನ್ನ ಅನುಮಾನ ಸರಿ. ನಮ್ಮ ಪುಡಿಗೆ ಸೇರುವುದು ಆರೇ. ಏಳನೆಯದನ್ನು ಹಾಕಿದವಳು ನಾನು.

ಮನಸ್ಸು ಕುಸಿದವರಿಗೆ ಕೊಡುವ ಹೂವು ಅದು. ನಿನ್ನ ಸಾಲುಗಳು ಕೆಳಗೆ ಜಾರಿದ್ದನ್ನು ಕಂಡು ಮಾರ್ಚಿನಲ್ಲಿ ಒಂದು ಹಿಡಿ ಹಾಕಿದೆ. ಮೇ ತಿಂಗಳ ಕಾಗದ ನೋಡಿ ಇನ್ನೊಂದು ಹಿಡಿ. ನಿನ್ನ ದುಃಖ ಹೆಚ್ಚಿದಷ್ಟೂ ನಾನು ಹೂವು ಹೆಚ್ಚಿಸಿದೆ. ಹೂವು ಹೆಚ್ಚಿದಷ್ಟೂ ನಿನ್ನ ಎಣಿಕೆ ಏರಿತು. ಎಣಿಕೆ ಏರಿದಷ್ಟೂ ನಿನ್ನ ದುಃಖ. ನಿನಗೆ ನಗು ತರಿಸಲು ಹೋಗಿ ನಿನ್ನ ಜೀವಕ್ಕೇ ಕೈ ಹಾಕಿದ್ದೆ.

ಅತ್ತೆ. ಈ ಸಲ ಕುಟ್ಟಾಣಿ ನಿಲ್ಲಿಸಿಯೇ ಅತ್ತೆ. ಪಾತ್ರೆ ಅಂಗಡಿಯವಳು ಓಡಿ ಬಂದಳು.

ಒಂದು ಮಾತು ಹೇಳುತ್ತೇನೆ, ಬೈಯಬೇಡ. ಅತ್ತು ಮುಗಿದ ಮೇಲೆ ಒಳಗೊಳಗೇ ಹೆಮ್ಮೆಯೂ ಆಯಿತು. ಎದುರಿನ ಮೆಡಿಕಲ್ ಶಾಪಿನವನು ಇಷ್ಟು ವರ್ಷ ನನ್ನ ಔಷಧಿಯನ್ನು ಹುಲ್ಲು ಎಂದು ಹಂಗಿಸಿದ. ಹುಲ್ಲಂತೆ! ದೊಡ್ಡಾಸ್ಪತ್ರೆಯ ಮಾತ್ರೆಯನ್ನು ಕುತ್ತಿಗೆ ಹಿಡಿದು ಹೊರಗೆ ದಬ್ಬಿದೆ ಕಣೇ ನನ್ನ ಹುಲ್ಲು! ಅಷ್ಟು ಶಕ್ತಿ ಇರುವುದನ್ನು ಯಾರ ಕೈಗೆ ಕೊಡುತ್ತಿದ್ದೇನೆ, ಅವರ ಜೇಬಿನಲ್ಲಿ ಬೇರೆ ಯಾವ ಔಷಧಿ ಇದೆ ಎಂದು ಕೇಳದೆ ಕೊಟ್ಟೆನಲ್ಲ, ಅದು ನನ್ನ ತಪ್ಪು. ಇನ್ನು ಕೇಳದೆ ಒಂದು ಚಿಟಿಕೆಯನ್ನೂ ಕೊಡುವುದಿಲ್ಲ.

ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಡಾಕ್ಟರು ಒಳ್ಳೆಯವಳೇ. ಅವಳಿಗೆ ಗೊತ್ತಿಲ್ಲದ ಆ ಎರಡು ಬೇರುಗಳ ಗುಣ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಕೊಡು. ಎಣ್ಣೆ ಹೊಸದಾಗಿ ಕಾಸಿ ಕಳಿಸಿದ್ದೇನೆ.

ಅಮ್ಮ

*

ನವೆಂಬರ್ ೨೩

ಅಮ್ಮ,

ಇಳಿದಿದೆ! ಎಣಿಕೆ ಮತ್ತೆ ಯಂತ್ರಕ್ಕೆ ಸಿಗದ ಹಾಗೆ ಇಳಿದಿದೆ. ಮಾತ್ರೆ ಅದೇ, ಕಾಲು ಅದೇ, ಕ್ರೇನು ಅದೇ. ಮೇಸ್ತ್ರಿಗೆ ಹೇಳಿದರೆ, "ಸರಿ ಸರಿ, ಹಡಗು ಕಾಯ್ತಿದೆ" ಎಂದ. ನಾನು ಕ್ರೇನು ಹತ್ತಿದ ಮೇಲೆ ನನಗೆ ಕಾಣದ ಹಾಗೆ ತಿರುಗಿ ಮೂಗು ಒರೆಸಿಕೊಂಡ. ಅಷ್ಟು ಎತ್ತರದಿಂದ ಎಲ್ಲ ಕಾಣುತ್ತದೆ ಎಂಬುದು ಅವನಿಗೆ ಇನ್ನೂ ಹೊಳೆದಿಲ್ಲ.

ಬುಧವಾರದ ಬೆಂಚಿನಲ್ಲಿ ಈಗ ಎಲ್ಲರೂ ಹೇಳುತ್ತಾರೆ. ಬೇಕರಿಯವನ ಹೆಂಡತಿಯೇ ಬೆಳ್ಳುಳ್ಳಿಯ ಬುಟ್ಟಿ ಹಿಡಿದು ಡಾಕ್ಟರಮ್ಮನ ಕೋಣೆಗೆ ನುಗ್ಗಿದಳು. ನಿನ್ನ ಗಂಟುಗಳಿಂದ ಶುರುವಾದದ್ದು ಇದು.

ಇನ್ನೊಂದು ವಿಷಯ. ಇದನ್ನು ಕೂತುಕೊಂಡು ಓದು. ಮೊದಲ ಕಾಗದದ ಸಾಲುಗಳು ಜಾರಿದ್ದು ದುಃಖಕ್ಕಲ್ಲ ಅಮ್ಮ. ಆ ದಿನ ನಾನು ಖುಷಿಯಾಗಿಯೇ ಇದ್ದೆ. ಗಾಳಿ ಬೀಸುತ್ತಿತ್ತು. ತೂಗುವ ಡಬ್ಬಿಯಲ್ಲಿ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದಿದ್ದೆ.

ಇದನ್ನೂ ಅಲ್ಲೇ ಬರೆಯುತ್ತಿದ್ದೇನೆ. ಸಾಲು ನೋಡಿ ಹೂವು ಹುಡುಕಬೇಡ.

ನಿನ್ನ ಗುಬ್ಬಿ

*

ಡಿಸೆಂಬರ್ ೧೪

ಗುಬ್ಬಿ,

ಗಾಳಿಗೆ ಔಷಧಿ ಕೊಟ್ಟವಳು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಒಬ್ಬಳೇ ಕೂತು ನಕ್ಕು ನಕ್ಕು ಮೊಣಕಾಲು ನೋವು ಮರೆತೆ. ಡಬ್ಬಿ ತೂಗುತ್ತದೆ ಎಂದು ನೀನು ಬರೆದಿದ್ದೆ, ನಾನೂ ಓದಿದ್ದೆ. ಅಕ್ಷರ ನೋಡುವ ಭರದಲ್ಲಿ ಮಾತು ಕೇಳಿಸಿಕೊಳ್ಳಲಿಲ್ಲ.

ನಿನ್ನೆ ಅಂಗಡಿಗೆ ಒಬ್ಬಳು ಬಂದಿದ್ದಳು. ನಿನ್ನದೇ ವಯಸ್ಸು. ಗಿರಾಕಿಗಳೆಲ್ಲ ಹೋಗಲಿ ಎಂದು ಕಂಬಕ್ಕೆ ಒರಗಿ ಕಾದಳು. ಆಮೇಲೆ ಹತ್ತಿರ ಬಂದು, ತುಟಿ ಅಲ್ಲಾಡಿಸದೆ ಏನೋ ಹೇಳಿದಳು.

"ಜೋರಾಗಿ ಹೇಳಮ್ಮ, ಕಿವಿ ಮಂದ."

ಸೆರಗಿನಡಿಯಿಂದ ಆಸ್ಪತ್ರೆಯ ಮಾತ್ರೆಯ ಡಬ್ಬಿ ತೆಗೆದು ತೋರಿಸಿದಳು. ನಿನ್ನ ಹತ್ತಿರ ಇರುವಂಥದ್ದೇ. "ಇದನ್ನ ಬಿಟ್ಟು ನಿಮ್ಮದನ್ನೇ ತಗೊಂಡ್ರೆ ವಾಸಿಯಾಗುತ್ತಾ?"

ನನ್ನ ಪುಡಿಯ ಭರಣಿ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಪಕ್ಕದ ಅಂಗಡಿಯಲ್ಲಿ ಪಾತ್ರೆಗಳ ಸದ್ದು ನಿಂತಿತ್ತು. ಪಾತ್ರೆ ಅಂಗಡಿಯವಳ ಕಿವಿ ಗೋಡೆಗೆ ಅಂಟಿದೆ ಎಂದು ನನಗೆ ಗೊತ್ತು. ನಾನು ಗಂಟಲು ಸರಿಮಾಡಿಕೊಂಡೆ.

"ಅದನ್ನ ಬಿಟ್ರೆ ನನ್ನ ಹತ್ರ ಬರಲೇಬೇಡ. ನನ್ನ ಮಗಳಿಗೂ ಇದೇ ಕಾಯಿಲೆ. ಇದೇ ಮಾತ್ರೆ ತಿಂದು, ಹಡಗಿನಿಂದ ಮನೆಯಷ್ಟು ದೊಡ್ಡ ಪೆಟ್ಟಿಗೆ ಎತ್ತಿ ಸದ್ದಾಗದ ಹಾಗೆ ಕೆಳಗಿಡ್ತಾಳೆ. ನೀನೂ ಮಾತ್ರೆ ತಿನ್ನು. ಕಾಲು ಉರಿದ್ರೆ ಬಾ, ಎಣ್ಣೆ ಕೊಡ್ತೀನಿ. ಹಚ್ತಿದ್ದೀನಿ ಅಂತ ಡಾಕ್ಟರಿಗೂ ಹೇಳು."

ಬೀದಿಯ ಆ ತುದಿಯವರೆಗೆ ಕೇಳಿಸಿರಬೇಕು. ಮೆಡಿಕಲ್ ಶಾಪಿನವನು ಹೊರಗೆ ಬಂದು ನಿಂತ. ಪಾತ್ರೆ ಅಂಗಡಿಯವಳು ಬಾಗಿಲಿಗೆ ಬಂದಳು. "ರಕ್ತ ಕಡಿಮೆ ಅಂದಿದ್ರಲ್ಲ?" ಎಂದಳು.

"ಆಗ ನನ್ನ ಧೈರ್ಯ ಕಡಿಮೆ ಇತ್ತು" ಎಂದೆ. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಂದು ಲೋಟ ನೀರು ತಂದು ಆ ಹುಡುಗಿಗೆ ಕೊಟ್ಟಳು. ಹುಡುಗಿ ಅಲ್ಲೇ, ನನ್ನ ಬೆಂಚಿನ ಮೇಲೆ ಕೂತು, ಎಲ್ಲರೆದುರಿಗೆ ಮಾತ್ರೆ ನುಂಗಿದಳು.

ಇನ್ನು ಮೇಲೆ ಆ ತೂಗುವ ಡಬ್ಬಿಯಲ್ಲಿ ಕೂತು ಕಾಗದ ಬರೆಯುವ ಕಷ್ಟ ನಿನಗೆ ಬೇಡ. ಫೋನ್ ಮಾಡು. ಸ್ಪೀಕರ್ ಹಾಕುತ್ತೇನೆ. ಸಂಜೆ ಮಾಡು, ಅಂಗಡಿಯ ತುಂಬ ಜನ ಇರುವ ಹೊತ್ತಿನಲ್ಲಿ.

ನಿನ್ನ ಅಮ್ಮ